ಡ್ರೈವರ್ ಬೆಂಬಲ ಮತ್ತು ಆಪರೇಟಿಂಗ್ ಸಿಸ್ಟಮ್ ಆವೃತ್ತಿಗಳು

ಪ್ರಿಂಟರ್, ಸ್ಕ್ಯಾನರ್, ಗ್ರಾಫಿಕ್ಸ್ ಕಾರ್ಡ್ ಮುಂತಾದ ಯಂತ್ರಾಂಶಕ್ಕೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ನಿಂತು ಕೆಲಸ ಮಾಡಿಸುವ ತಂತ್ರಾಂಶವೇ ಡ್ರೈವರ್. ಇಪ್ಪತ್ತು ವರ್ಷ ಹಳೆಯ ಅಪ್ಲಿಕೇಶನ್ ಹೊಸ ವಿಂಡೋಸ್‌ನಲ್ಲಿ ಓಡುವುದುಂಟು. ಡ್ರೈವರ್‌ಗೆ ಆ ಭಾಗ್ಯ ಕಡಿಮೆ. ಅದು ಬಹುಮಟ್ಟಿಗೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನ ಒಳಗೇ ಕೂತಿರುವುದರಿಂದ ಕರ್ನೆಲ್‌ನ ಕಟ್ಟಳೆ ಬದಲಾದಾಗಲೆಲ್ಲ ಅದನ್ನೂ ತಿದ್ದಬೇಕಾಗುತ್ತದೆ. ತಿದ್ದುವ ಹೊಣೆ ಸಾಮಾನ್ಯವಾಗಿ ಉಪಕರಣದ ತಯಾರಕರದು. ಮಾರಿ ಮುಗಿದ ಸರಕಿಗೆ ಮತ್ತೆ ಖರ್ಚು ಮಾಡಲು ಅವರಿಗೆ ಉತ್ಸಾಹವಿರುವುದಿಲ್ಲ.

ವಿಂಡೋಸ್‌ನಲ್ಲಿ ದೊಡ್ಡ ಪಲ್ಲಟ ಆದದ್ದು 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದ. ಅದು ಗ್ರಾಫಿಕ್ಸ್‌ಗೆ ಹೊಸ ಡ್ರೈವರ್ ಮಾದರಿ ತಂದಿತು, 64-ಬಿಟ್ ಆವೃತ್ತಿಯಲ್ಲಿ ಕರ್ನೆಲ್ ಡ್ರೈವರ್‌ಗೆ ಡಿಜಿಟಲ್ ಸಹಿ ಕಡ್ಡಾಯ ಮಾಡಿತು. 32-ಬಿಟ್ ಡ್ರೈವರ್ 64-ಬಿಟ್ ಕರ್ನೆಲ್‌ನಲ್ಲಿ ಏರುವುದೇ ಇಲ್ಲ. 2021ರ ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲವಾದ್ದರಿಂದ ಹಳೆಯ ಉಪಕರಣಗಳ ಒಂದು ಪೀಳಿಗೆಯೇ ಹೊರಗುಳಿಯಿತು.

ಇದರ ಬಿಸಿ ಮನೆಗಿಂತ ಕಾರ್ಖಾನೆಗೆ ಹೆಚ್ಚು. ಬೆಳಗಾವಿಯಲ್ಲಿ ಅನಗೋಳದ ಆಸುಪಾಸಿನ ಉದ್ಯಮಬಾಗ್ ಫೌಂಡ್ರಿಗಳಿಗೂ ಮಷಿನ್ ಶಾಪ್‌ಗಳಿಗೂ ಹೆಸರಾದ ಪ್ರದೇಶ. ಇಂಥ ಕಡೆ ಬಳಸುವ, ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ ಸಿಎನ್‌ಸಿ ಯಂತ್ರ ದಶಕಗಟ್ಟಲೆ ಬಾಳುತ್ತದೆ; ಅದಕ್ಕೆ ಪ್ರೋಗ್ರಾಂ ಕಳಿಸುವ ಕಂಪ್ಯೂಟರ್ ಅಷ್ಟು ಕಾಲ ಬಾಳುವುದಿಲ್ಲ. ಹಳೆಯ ಕಂಟ್ರೋಲರ್ ಕೇಳುವುದು ಆರ್‌ಎಸ್-232 ಸೀರಿಯಲ್ ಪೋರ್ಟ್. ಹೊಸ ಲ್ಯಾಪ್‌ಟಾಪ್‌ನಲ್ಲಿ ಅದಿರುವುದಿಲ್ಲ. ಹಾಗಾಗಿ ಯುಎಸ್‌ಬಿ ಪರಿವರ್ತಕದ ಕೇಬಲ್ ಬೇಕು. ತೊಡಕು ಶುರುವಾಗುವುದು ಅಲ್ಲಿಯೇ. ಇಂಥ ಕೇಬಲ್‌ಗಳಲ್ಲಿ ತೀರಾ ಸಾಮಾನ್ಯವಾದ ಪಿಎಲ್-2303 ಚಿಪ್ ತೈವಾನಿನ ಪ್ರೊಲಿಫಿಕ್ ಕಂಪನಿಯದು. ನಕಲಿಗಳ ಕಾಟಕ್ಕೆ ಬೇಸತ್ತ ಕಂಪನಿ ಅದರ ಹಳೆಯ ಎಚ್‌ಎಕ್ಸ್‌ಎ ಮಾದರಿಯನ್ನು 2012ರಲ್ಲಿ ನಿಲ್ಲಿಸಿತು, ಹೊಸ ಡ್ರೈವರ್‌ನಿಂದ ಅದರ ಬೆಂಬಲವನ್ನೂ ಕಿತ್ತುಹಾಕಿತು. ನಕಲಿಯ ಜೊತೆ ಅಸಲಿ ಹಳೆಯ ಚಿಪ್ಪೂ ಹೀಗೆ ನಿರುಪಯೋಗಿಯಾಯಿತು. ಅದೇ ಕೇಬಲ್ ಲಿನಕ್ಸ್‌ಗೆ ಚುಚ್ಚಿದರೆ ನಡೆಯುತ್ತದೆ! ಅಂದಮೇಲೆ ಕೆಟ್ಟದ್ದು ತಾಮ್ರವೂ ಅಲ್ಲ, ಸಿಲಿಕಾನೂ ಅಲ್ಲ. ಇಂಥದೇ ಚಿಪ್ ತಯಾರಿಸುವ ಎಫ್‌ಟಿಡಿಐ ಕಂಪನಿ 2014ರಲ್ಲಿ ಇನ್ನೂ ಮುಂದೆ ಹೋಗಿ, ನಕಲಿ ಚಿಪ್‌ನ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡುವ ಡ್ರೈವರನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹರಿಯಬಿಟ್ಟಿತು. ಗಲಾಟೆಯಾದ ಮೇಲೆ ಹಿಂತೆಗೆದುಕೊಂಡಿತು. ಕೊಂಡವನಿಗೆ ತನ್ನ ಕೇಬಲ್ ನಕಲಿಯೆಂದು ಗೊತ್ತಿರಲೇಬೇಕೆಂದಿಲ್ಲ, ದಂಡ ಮಾತ್ರ ಅವನಿಗೇ ಬಿತ್ತು.

ಲಿನಕ್ಸ್‌ನ ದಾರಿ ಬೇರೆ. ಕರ್ನೆಲ್‌ನ ಒಳಗಿನ ಸಂಪರ್ಕವಿಧಾನ ಸ್ಥಿರವಾಗಿರುತ್ತದೆಂಬ ಭರವಸೆಯನ್ನೇ ಅದು ಕೊಡುವುದಿಲ್ಲ. ಬದಲಿಗೆ ಡ್ರೈವರ್‌ಗಳ ಮೂಲಸಂಕೇತ ಕರ್ನೆಲ್ ಜೊತೆಗೇ ಇರುತ್ತದೆ, ಒಳಗನ್ನು ಬದಲಿಸಿದವರೇ ಅವುಗಳನ್ನೂ ತಿದ್ದುತ್ತಾರೆ. ಸಂಕೇತ ಬಿಟ್ಟುಕೊಡದ ಕಂಪನಿಗಳ ಡ್ರೈವರ್‌ಗಳಿಗೆ ಈ ಅನುಕೂಲ ಸಿಗದು.

ಕೀಬೋರ್ಡ್, ಮೌಸ್, ಪೆನ್‌ಡ್ರೈವ್‌ಗಳಿಗೆ ಈ ರಗಳೆ ಅಪರೂಪ. ಅವು ಯುಎಸ್‌ಬಿಯ ಸಾಮಾನ್ಯ ನಿಯಮಾವಳಿ ಪಾಲಿಸುವುದರಿಂದ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇರುವ ಒಂದೇ ಡ್ರೈವರ್ ಎಲ್ಲ ಕಂಪನಿಗಳ ಮಾಲಿಗೂ ಸಾಕಾಗುತ್ತದೆ. ಪ್ರಿಂಟರ್‌ಗಳೂ ಅದೇ ಹಾದಿ ಹಿಡಿದಿವೆ: ತಯಾರಕರ ಪ್ರತ್ಯೇಕ ಪ್ರಿಂಟರ್ ಡ್ರೈವರ್‌ಗಳಿಗೆ ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವ ಬೆಂಬಲವನ್ನು ಹಂತಹಂತವಾಗಿ ಕೊನೆಗೊಳಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು.