ಮೆಹ್ರೌಲಿಯ ಹೂವಿನ ಉತ್ಸವ

ಫೂಲ್‌ವಾಲೋಂ ಕಿ ಸೈರ್ ಎಂಬುದು ದಕ್ಷಿಣ ದೆಹಲಿಯ ಅರಾವಳಿ ದಿಬ್ಬಗಳಲ್ಲಿರುವ ಮೆಹ್ರೌಲಿಯಲ್ಲಿ ಮಳೆಗಾಲದ ಬಳಿಕ ನಡೆದುಬಂದ ಹೂಗಾರರ ಉತ್ಸವ. ಇದರ ಮೂಲ ಒಬ್ಬ ತಾಯಿಯ ಹರಕೆ. ಮೊಘಲ್ ದೊರೆ ಎರಡನೆಯ ಅಕ್ಬರ್ ಷಾನ ಮಗ ಮಿರ್ಜಾ ಜಹಾಂಗೀರ್, ಬ್ರಿಟಿಷ್ ರೆಸಿಡೆಂಟ್ ಆರ್ಚಿಬಾಲ್ಡ್ ಸೀಟನ್‌ನತ್ತ ಗುಂಡು ಹಾರಿಸಿ ಅಲಹಾಬಾದಿಗೆ ಗಡೀಪಾರಾಗಿದ್ದ. ಮಗ ಮರಳಿದರೆ ಸೂಫಿ ಸಂತ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯ ದರ್ಗಾಕ್ಕೆ ಹೂವಿನ ಚಾದರ ಒಪ್ಪಿಸುವುದಾಗಿ ರಾಣಿ ಮುಮ್ತಾಜ್ ಮಹಲ್ ಹರಕೆ ಹೊತ್ತಳು. 1812ರ ಸುಮಾರಿಗೆ ಹರಕೆ ತೀರಿತು. ಅರಮನೆಯ ಪರಿವಾರವೇ ಮೆಹ್ರೌಲಿಗೆ ಬಂದು ಬೀಡುಬಿಟ್ಟಿತು. ಸಮೀಪದ ಯೋಗಮಾಯಾ ದೇವಾಲಯಕ್ಕೂ ಹೂವು ಸಂದಿತು.

ಮರುವರ್ಷಗಳಲ್ಲಿ ಹರಕೆ ಹಬ್ಬವಾಯಿತು. ಹೂವಿನಿಂದ ಅಲಂಕರಿಸಿದ ದೊಡ್ಡ ಬೀಸಣಿಗೆಗಳು, ಅಂದರೆ ಪಂಖಾಗಳು, ಶಹನಾಯಿಯೊಡನೆ ಮೆರವಣಿಗೆಯಲ್ಲಿ ದೇವಾಲಯಕ್ಕೂ ದರ್ಗಾಕ್ಕೂ ಹೋಗುತ್ತಿದ್ದವು. ಮಾವಿನ ತೋಪುಗಳಲ್ಲಿ ಜೋಕಾಲಿ, ಬಯಲಲ್ಲಿ ಕುಸ್ತಿ, ಗಾಳಿಪಟ, ಕೋಳಿ ಅಂಕ, ಹೌಜ್-ಎ-ಶಮ್ಸಿ ಕೆರೆಯಲ್ಲಿ ಈಜು. ಇಂದಿನ ಭಾಷಣಗಳು ಇದನ್ನು ಸೌಹಾರ್ದದ ಹಬ್ಬವೆನ್ನುತ್ತವೆ. ಅದು ನಿಜವೇ, ಆದರೆ ನಗರದ ಜನರನ್ನು ಅಷ್ಟು ದೂರ ಎಳೆದದ್ದು ಮೋಜು ಕೂಡ. ಕೊನೆಯ ಮೊಘಲ್ ದೊರೆ ಬಹದ್ದೂರ್ ಷಾ ಜಫರ್ ಇಲ್ಲಿನ ಅರಮನೆ ಜಫರ್ ಮಹಲ್‌ಗೆ ಎತ್ತರದ ಹೆಬ್ಬಾಗಿಲು ಕಟ್ಟಿಸಿ ಈ ರೂಢಿಯನ್ನು ಬೆಳೆಸಿದ.

ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರು ಉತ್ಸವವನ್ನು ನಿಲ್ಲಿಸಿದರು. 1960ರ ದಶಕದ ಆರಂಭದಲ್ಲಿ ನೆಹರೂ ಅವರ ಆಸಕ್ತಿಯಿಂದ ಅದು ಮತ್ತೆ ಶುರುವಾಯಿತು. ಅಂಜುಮನ್ ಸೈರ್-ಎ-ಗುಲ್ ಫರೋಶಾಂ ಸಂಸ್ಥೆ ಅದರ ಹೊಣೆ ಹೊತ್ತಿತು.