ಡೀಮನ್‌ಗಳಿಗೊಂದು ಪಾಟಿ

ಭೌತವಿಜ್ಞಾನ ಓದಿದ ನಿಮಗೆ ಮ್ಯಾಕ್ಸ್‌ವೆಲ್‌ನ ಭೂತ ಪರಿಚಿತ. ಅನಿಲದ ವೇಗದ ಅಣುಗಳನ್ನೂ ನಿಧಾನದ ಅಣುಗಳನ್ನೂ ಬೇರ್ಪಡಿಸುತ್ತ ಕೂರುವ ಈ ಕಲ್ಪಿತ ಜೀವಿಯನ್ನು ಅವರು 1867ರಲ್ಲಿ ಸೂಚಿಸಿದರು. 1963ರಲ್ಲಿ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್ ತಂಡ, ಹಿನ್ನೆಲೆಯಲ್ಲಿ ದುಡಿಯುವ ಪ್ರೋಗ್ರಾಮುಗಳಿಗೆ ಇದೇ ಹೆಸರಿಟ್ಟಿತು: ಡೀಮನ್. ಮುದ್ರಣದ ಸರದಿ ನೋಡುವ, ಇ-ಮೇಲ್ ರವಾನಿಸುವ ಸೇವೆಗಳು ಇಂದಿಗೂ ಡೀಮನ್‌ಗಳೇ.

ತಾನು ಚಾಲನೆಯಲ್ಲಿರುವುದನ್ನು ತಿಳಿಸಲು ಡೀಮನ್ ತನ್ನ ಪ್ರಕ್ರಿಯೆ ಸಂಖ್ಯೆಯನ್ನು ಪುಟ್ಟ ಕಡತವೊಂದರಲ್ಲಿ ಬರೆದಿಡುವುದು ರೂಢಿ. ಹಳೆಯ ಯುನಿಕ್ಸ್‌ನಲ್ಲಿ ಇಂಥ ಹಲವು ಕಡತಗಳು /ಇಟಿಸಿಯಲ್ಲಿದ್ದವು. ಮುಂದೆ /ವರ್/ರನ್‌ಗೆ ಬಂದವು. ಅದು ಇದ್ದದ್ದು ಸಾಮಾನ್ಯವಾಗಿ ಡಿಸ್ಕಿನಲ್ಲಿ. ಮಂಠಾಳದಂಥ ಊರಿನಲ್ಲಿ ದಿಢೀರನೆ ಕರೆಂಟು ಹೋಯಿತೆನ್ನಿ. ಡೀಮನ್ ಸತ್ತರೂ ಕಡತ ಉಳಿಯುತ್ತದೆ. ಕಂಪ್ಯೂಟರ್ ಮತ್ತೆ ಹೊರಟಾಗ ಅದೇ ಸಂಖ್ಯೆ ಬೇರೊಂದು ಪ್ರಕ್ರಿಯೆಗೆ ಸಿಕ್ಕಿರಬಹುದು. ಆಗ ಡೀಮನ್, ತಾನು ಆಗಲೇ ಓಡುತ್ತಿದ್ದೇನೆಂದು ಭಾವಿಸಿ ಆರಂಭವಾಗದು. ಅಥವಾ ಅದನ್ನು ನಿಲ್ಲಿಸಹೋದ ಆದೇಶ ನಿರಪರಾಧಿ ಪ್ರಕ್ರಿಯೆಯನ್ನು ಕೊಲ್ಲುತ್ತದೆ! ಆದ್ದರಿಂದಲೇ 2004ರ ಎಫ್‌ಎಚ್‌ಎಸ್ 2.3 ಮಾನಕ, ಪ್ರತಿ ಬೂಟ್‌ನ ಆರಂಭದಲ್ಲಿ ಈ ಕಡತಗಳನ್ನು ತೆರವುಗೊಳಿಸಬೇಕೆಂದು ವಿಧಿಸಿತು.

ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಶಾಸನ ಬರೆಯುವ ಶಿಲಾಬಾಲಿಕೆಯನ್ನು ನೀವು ನೋಡಿರಬಹುದು. ಬಹುಕಾಲ ಉಳಿಯಬೇಕಾದುದಕ್ಕೆ ಕಲ್ಲು ಸರಿ; ಇಂದಿನ ಹಾಜರಿಗೆ ಪಾಟಿ ಸಾಕು. 2011ರಲ್ಲಿ ಫೆಡೋರಾ 15ರೊಡನೆ ಬಂದ /ರನ್ ಅಂಥ ಪಾಟಿ. ಅದು ಡಿಸ್ಕಿನಲ್ಲಿಲ್ಲ, ಟಿಎಂಪಿಎಫ್‌ಎಸ್ ಮೂಲಕ ಸ್ಮೃತಿಯಲ್ಲಿದೆ. ಕರೆಂಟು ಹೋದರೆ ತಾನೇ ಅಳಿಯುತ್ತದೆ. /ವರ್ ಇನ್ನೂ ಜೋಡಣೆಯಾಗದ ಬೂಟ್‌ನ ಮೊದಲ ಕ್ಷಣಗಳಲ್ಲೂ ಅದು ಲಭ್ಯ. 2015ರ ಎಫ್‌ಎಚ್‌ಎಸ್ 3.0 ಇದನ್ನು ಅಂಗೀಕರಿಸಿತು.

ಆದರೆ ಅಳಿಯುವ ಪಾಟಿಗೆ ಪ್ರತಿದಿನ ಗೆರೆ ಎಳೆಯಲೇಬೇಕಲ್ಲ? ನೀವು /ರನ್‌ನೊಳಗೆ ಕೈಯಾರೆ ಮಾಡಿದ ಡೈರೆಕ್ಟರಿ ಮರುಬೂಟ್ ಆದೊಡನೆ ಮಾಯ. /ರನ್‌ನ ಒಡೆತನ ರೂಟ್‌ನದು. ಕಡಿಮೆ ಅಧಿಕಾರದ ಡೀಮನ್ ತಾನೇ ಅಲ್ಲಿ ಡೈರೆಕ್ಟರಿ ಮಾಡಲಾರದು. ನಿನ್ನೆ ಓಡಿದ ಸೇವೆ ಇಂದು ಆರಂಭವಾಗದಿರಲು ಇದೊಂದು ಸಾಮಾನ್ಯ ಕಾರಣ. 2014ರಲ್ಲಿ ಸಿಸ್ಟಮ್‌ಡಿ ಇದಕ್ಕೆ 'ರನ್‌ಟೈಮ್‌ಡೈರೆಕ್ಟರಿ' ಎಂಬ ಒಂದು ಸಾಲಿನ ಪರಿಹಾರ ನೀಡಿತು. ಸೇವೆಯ ಯೂನಿಟ್ ಕಡತದಲ್ಲಿ ಇದನ್ನು ಬರೆದರೆ, ಆರಂಭದಲ್ಲಿ ಡೈರೆಕ್ಟರಿ ಸೃಷ್ಟಿಯಾಗಿ ಆ ಸೇವೆಯ ಬಳಕೆದಾರನ ಒಡೆತನಕ್ಕೆ ಸೇರುತ್ತದೆ. ಸೇವೆ ನಿಂತಾಗ ಅಳಿದುಹೋಗುತ್ತದೆ.

ನಿಮ್ಮ ಪ್ರಯೋಗಾಲಯದ ಲಿನಕ್ಸ್ ಕಂಪ್ಯೂಟರಿನಲ್ಲಿ ಮರುಬೂಟ್‌ಗೆ ಮುಂಚೆ ಮತ್ತು ಅನಂತರ /ರನ್ ತೆರೆದು ನೋಡಿ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ವಿವೇಕವನ್ನು ಕಂಪ್ಯೂಟರಿಗೆ ಕಲಿಸಲು ಹಿಡಿದ ಕಾಲ ಕಡಿಮೆಯದೇನಲ್ಲ.