ಉಮೇದುವಾರನ ಆರು ತಿಂಗಳು

ಕಳೆದ ತಿಂಗಳ ನಮ್ಮ ಮುಂಬಯಿ ಕೂಟಕ್ಕೆ ಒಬ್ಬ ತರುಣ ತಡವಾಗಿ ಬಂದು, ಚರ್ಚೆ ಮುಗಿಯುವ ಮುನ್ನವೇ ಎದ್ದು ನಿಂತ. ಧಾರವಾಡದ ಕಡೆಯವನು; ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಭಾನುವಾರವೂ ಕಚೇರಿಯಿಂದ ಕರೆ ಬಂದರೆ ಇಲ್ಲವೆನ್ನಲಾರ. "ಪ್ರೊಬೇಷನ್ ಮುಗಿಯೂತನಕ ಜೀವ ಕೈಯಾಗ ಹಿಡಕೊಂಡ ಇರಬೇಕ್ರಿ" ಎಂದ. ಮನೆ ಬಾಡಿಗೆಗೆ ಮೂರು ತಿಂಗಳ ಮುಂಗಡ ಕೊಟ್ಟಿದ್ದಾನೆ, ಊರಲ್ಲಿ ಎಲ್ಲರಿಗೂ ನೌಕರಿ ಪಕ್ಕಾ ಆಯಿತೆಂದು ಹೇಳಿಯಾಗಿದೆ. ಪಕ್ಕಾ ಆಗಿಲ್ಲವೆಂಬುದು ಅವನಿಗೊಬ್ಬನಿಗೇ ಗೊತ್ತು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದವರೊಬ್ಬರು ನಕ್ಕು, "ನಮ್ಮ ಅಜ್ಜ ಮಾಮಲೇದಾರ ಕಚೇರಿಯೊಳಗ ಎರಡು ವರ್ಷ ಪಗಾರ ಇಲ್ಲದ ಉಮೇದುವಾರಿ ಮಾಡಿದ್ದ, ತಮ್ಮಾ. ನಿನಗ ಪಗಾರರೆ ಐತಿ" ಎಂದರು. ಆ ಮಾತಿನಿಂದ ತರುಣನಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಮ್ಮ ಕಿವಿಯಲ್ಲಿ ಮಾತ್ರ ಆ ಹಳೆಯ ಪದ ಉಳಿಯಿತು. ಅದರ ಬೆನ್ನು ಹತ್ತಿ ಹೊರಟವರಿಗೆ ದೊರೆತ ಸಂಗತಿಗಳನ್ನು ಇಲ್ಲಿ ಬರೆದಿದ್ದೇವೆ.

ಇಂದು ಉಮೇದುವಾರನೆಂದರೆ ಚುನಾವಣೆಗೆ ನಿಂತವನು. ಪತ್ರಿಕೆಗಳಲ್ಲಿ ಉಮೇದುವಾರಿಕೆ ಸಲ್ಲಿಸುವುದು, ಹಿಂತೆಗೆದುಕೊಳ್ಳುವುದು ನಡೆದೇ ಇರುತ್ತದೆ. ಆದರೆ ಪದದ ಮೂಲವಾದ ಫಾರಸಿಯ 'ಉಮೇದ್'ಗೆ ಆಶೆ, ನಿರೀಕ್ಷೆ ಎಂದು ಅರ್ಥ. ಉತ್ತರ ಕರ್ನಾಟಕದ ಮಾತಿನಲ್ಲಿ 'ಉಮೇದಿಲ್ಲ' ಎಂದಾಗ ಅದು ಹುರುಪಿನ ಕಡೆಗೆ ಜರುಗಿದೆ. ಕಚೇರಿಗಳ ಕಾಲದಲ್ಲಿ ಉಮೇದುವಾರನೆಂದರೆ ನೌಕರಿಯ ಆಶೆಯಿಟ್ಟುಕೊಂಡು ಅಧಿಕಾರಿಯ ಬಾಗಿಲಲ್ಲಿ ಕಾದಿರುವವನು. 1886ರಲ್ಲಿ ಹೊರಬಂದ 'ಹಾಬ್ಸನ್ ಜಾಬ್ಸನ್' ಎಂಬ ಆಂಗ್ಲೋ ಇಂಡಿಯನ್ ಪದಕೋಶವೂ ಈ ಪದವನ್ನು ಸೇರಿಸಿಕೊಂಡು ಇದೇ ಅರ್ಥವನ್ನು ಕೊಟ್ಟಿದೆ. ಇಂಥವನು ಸಂಬಳವಿಲ್ಲದೆ ಕಚೇರಿಗೆ ಬರುತ್ತಿದ್ದ. ನಕಲು ತೆಗೆಯುತ್ತಿದ್ದ, ಲೆಕ್ಕ ಕೂಡುತ್ತಿದ್ದ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಾದರೆ ಮೋಡಿ ಲಿಪಿಗೆ ಕೈ ಪಳಗಿಸಿಕೊಳ್ಳುತ್ತಿದ್ದ. ಯಾರಾದರೂ ನಿವೃತ್ತರಾದರೆ, ತೀರಿಕೊಂಡರೆ, ಇಲ್ಲವೆ ಬಡತಿ ಪಡೆದು ಬೇರೆಡೆ ಹೋದರೆ ಆ ಜಾಗ ಇವನ ಪಾಲಿಗೆ ಬರಬಹುದು. ಬರದೆಯೂ ಇರಬಹುದು. ಇಷ್ಟು ದಿನ ಕಾದರೆ ಕೆಲಸ ಖಾತ್ರಿಯೆಂದು ಯಾರೂ ಬರೆದುಕೊಡುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಹಿರಿಯರ ಮಾತು ನಿಜ: ಆರು ತಿಂಗಳೆಂದು ಕಾಗದದ ಮೇಲೆ ಅಚ್ಚಾದ ಪ್ರೊಬೇಷನ್ ಆ ಕೊನೆಯಿಲ್ಲದ ಕಾಯುವಿಕೆಗಿಂತ ಮೇಲು.

ಕಾಯುವ ಅವಧಿಗೆ ಪರೀಕ್ಷೆಯ ರೂಪ ಬಂದದ್ದು ಆಳುವವರ ಮಕ್ಕಳಿಗಾಗಿ. ಈಸ್ಟ್ ಇಂಡಿಯಾ ಕಂಪನಿಯ 'ರೈಟರ್' ಹುದ್ದೆಗಳಿಗೆ ವಿಲಾಯತಿಯಿಂದ ಬರುತ್ತಿದ್ದ ಎಳೆಯರಿಗೆ ಇಲ್ಲಿಯ ಭಾಷೆಯ ಗಂಧವಿರಲಿಲ್ಲ. ಅವರಿಗಾಗಿ 1800ರಲ್ಲಿ ವೆಲ್ಲೆಸ್ಲಿ ಕಲಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ತೆರೆದ. 1812ರಲ್ಲಿ ಮದ್ರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಬಂತು; ಅದರ ಹಿಂದೆ ಇದ್ದವನು ಫ್ರಾನ್ಸಿಸ್ ವೈಟ್ ಎಲ್ಲಿಸ್. ದೇಶಭಾಷೆಗಳಲ್ಲಿ ತೇರ್ಗಡೆಯಾದ ಮೇಲೆಯೇ ಜಿಲ್ಲೆಯ ಕೆಲಸ. ಚೆನ್ನೈಯ ನಮ್ಮ ಓದುಗರು ಇದನ್ನು ಗಮನಿಸಬೇಕು. ಆ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಕಲಕತ್ತೆಯ ಕಾಲೇಜಿನಲ್ಲಿ ಕಲಿಸುತ್ತಿದ್ದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಿಂದ ಹೊರಬಂತು. ಮದ್ರಾಸಿನ ಸಿವಿಲಿಯನ್ ಜಾನ್ ಮೆಕೆರೆಲ್‌ನ ವ್ಯಾಕರಣ 1820ರಲ್ಲಿ ಆ ಕಾಲೇಜಿನದೇ ಮುದ್ರಣಾಲಯದಿಂದ ಬಂತು. ಹೊಸಗನ್ನಡದ ಮೊದಮೊದಲ ಅಚ್ಚಿನ ವ್ಯಾಕರಣಗಳು ಹೊಸ ಕೆಲಸದಲ್ಲಿ ಫೇಲಾದೇನೆಂಬ ಭಯದಲ್ಲಿದ್ದ ಹುಡುಗರ ಕೈಗೆ ಕೊಡಲು ಸಿದ್ಧವಾದವು ಎಂದರೆ ತಪ್ಪಾಗದು. ನಮ್ಮ ವಿಭಕ್ತಿ ಪ್ರತ್ಯಯಗಳನ್ನು ಅವರು ಯಾವ ಮುಖ ಮಾಡಿಕೊಂಡು ಉರು ಹೊಡೆದರೋ ಎಂದು ನಾವು ಕೂಟದಲ್ಲಿ ಸ್ವಲ್ಪ ಹೊತ್ತು ನಕ್ಕೆವು. ಪಾಠ ಹೇಳಿದ ಮುನ್ಷಿಗಳ ಹೆಸರು ಆ ಪುಸ್ತಕಗಳ ಮುಖಪುಟದಲ್ಲಿಲ್ಲ ಎಂಬುದು ನೆನಪಾದ ಮೇಲೆ ನಗು ನಿಂತಿತು.

ಆ ಹುಡುಗರನ್ನು ಅಳೆದದ್ದು ಮುಂದಿನ ಕೆಲಸಕ್ಕೆ ನೇರವಾಗಿ ಬೇಕಾದ ವಿದ್ಯೆಯಿಂದ. ರೈತನ ಮಾತು ತಿಳಿಯದವನು ಕಂದಾಯ ವಸೂಲಿ ಮಾಡಲಾರ. ಮುಂದೆ ಇಂಡಿಯನ್ ಸಿವಿಲ್ ಸರ್ವಿಸ್ ಬಂದಾಗ ಅಳತೆ ಹಿಗ್ಗಿತು. ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದವನು ಇಂಗ್ಲೆಂಡಿನಲ್ಲಿ ಪ್ರೊಬೇಷನರ್ ಆಗಿ ಕಾನೂನು, ಚರಿತ್ರೆ, ಭಾಷೆಗಳನ್ನು ಓದಬೇಕು. ಕೊನೆಗೆ ಕುದುರೆ ಸವಾರಿಯಲ್ಲೂ ತೇರ್ಗಡೆಯಾಗಬೇಕು. ಜಿಲ್ಲೆಯ ಅಧಿಕಾರಿ ಕುದುರೆಯ ಮೇಲೆ ತಿರುಗುವ ಕಾಲವಾದ್ದರಿಂದ ಸವಾರಿಗೆ ಕಾರಣವಿತ್ತು, ನಿಜ. ಆದರೆ ಬಾಲ್ಯದಿಂದ ಕುದುರೆ ಹತ್ತಿದವನಿಗೂ ಪರದೇಶದಲ್ಲಿ ಕೈಬಿಗಿ ಹಿಡಿದು ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗೂ ಆ ಪರೀಕ್ಷೆ ಒಂದೇ ಆಗಿರಲಿಲ್ಲ.

ಅರವಿಂದ ಘೋಷರು 1890ರಲ್ಲಿ ಆ ಸ್ಪರ್ಧೆಯಲ್ಲಿ ಗೆದ್ದರು. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಎರಡು ವರ್ಷ ಪ್ರೊಬೇಷನರ್ ಆಗಿದ್ದರು. ಓದಿನ ಪರೀಕ್ಷೆಗಳು ಮುಗಿದವು, ಸವಾರಿ ಉಳಿಯಿತು. ಮತ್ತೆ ಮತ್ತೆ ಕೊಟ್ಟ ಅವಕಾಶಗಳು ತಪ್ಪಿದವು. ಕೊನೆಯ ಸಲ ಅವರು ಹಾಜರಾಗಲೇ ಇಲ್ಲ. 1892ರ ಕೊನೆಗೆ ಸೇವೆಯಿಂದ ಹೆಸರು ಹೊರಬಿತ್ತು. ಆ ನೌಕರಿಯಲ್ಲಿ ತಮಗೆ ಮನಸ್ಸಿರಲಿಲ್ಲವೆಂದೂ ಬಿಡಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆವೆಂದೂ ಅವರೇ ಮುಂದೆ ಹೇಳಿದ್ದಾರೆ. ಅದನ್ನು ನಂಬದಿರಲು ನಮಗೆ ಕಾರಣವಿಲ್ಲ. ಆದರೂ ಇಪ್ಪತ್ತರ ಹರೆಯದ ಆ ದಿನಗಳು ಅಷ್ಟು ಹಗುರವಾಗಿದ್ದವೆಂದು ನಮಗೆ ತೋರುವುದಿಲ್ಲ. ಮಗ ಐಸಿಎಸ್ ಅಧಿಕಾರಿಯಾಗಿ ಬರಲೆಂದು ಅವನನ್ನು ಏಳನೆಯ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಕರೆದೊಯ್ದು ಬಿಟ್ಟುಬಂದ ತಂದೆ ಊರಲ್ಲಿ ಕಾದಿದ್ದರು. ಮಗ ಬರುವ ಹಡಗು ಮುಳುಗಿತೆಂಬ ಸುಳ್ಳು ಸುದ್ದಿ ಕೇಳಿ ಅವರು ತೀರಿಕೊಂಡರು. ಮಗ 1893ರ ಫೆಬ್ರವರಿಯಲ್ಲಿ ಮುಂಬಯಿ ಬಂದರಿನಲ್ಲಿಳಿದು ಬರೋಡದ ಗಾಯಕವಾಡರ ಸೇವೆಗೆ ಹೋದರು.

ಸುಭಾಷಚಂದ್ರ ಬೋಸರದು ಬೇರೆ ರೀತಿ. 1920ರ ಪರೀಕ್ಷೆಯಲ್ಲಿ ನಾಲ್ಕನೆಯವರಾಗಿ ಗೆದ್ದ ಅವರು 1921ರ ಏಪ್ರಿಲ್‌ನಲ್ಲಿ ಭಾರತ ಮಂತ್ರಿ ಮಾಂಟೆಗುಗೆ ಬರೆದ ಪತ್ರದಲ್ಲಿ ತಮ್ಮ ಹೆಸರನ್ನು ಪ್ರೊಬೇಷನರುಗಳ ಪಟ್ಟಿಯಿಂದ ತೆಗೆಯಬೇಕೆಂದು ಕೇಳಿದರು. ಅಲ್ಲಿಯವರೆಗೆ ಪಡೆದ 100 ಪೌಂಡ್ ಭತ್ಯೆಯನ್ನು ಹಿಂದಿರುಗಿಸುವುದಾಗಿಯೂ ತಿಳಿಸಿದರು. ಈ ಎರಡು ಕಥೆಗಳನ್ನು ಹೇಳಿ ತರುಣರಿಗೆ ಧೈರ್ಯ ತುಂಬುವ ಭಾಷಣಗಳನ್ನು ನಾವು ಬಹಳ ಕೇಳಿದ್ದೇವೆ. ಮುಂದೆ ಮಹಾಪುರುಷರಾದವರ ಸೋಲು ಮಾತ್ರ ಚರಿತ್ರೆಗೆ ಸಿಗುತ್ತದೆ. ಸವಾರಿಯಲ್ಲಿ ಬಿದ್ದು ಹೆಸರಿಲ್ಲದೆ ಊರಿಗೆ ಮರಳಿದವರಿಂದ ಭಾಷಣ ಹುಟ್ಟುವುದಿಲ್ಲ.

ಹೆಸರಿಲ್ಲದವರನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಪರಳ, ಲಾಲಬಾಗಗಳ ಹಳೆಯ ಗಿರಣಿಗಳ ಬಾಗಿಲು ಸಾಕು. ಅಲ್ಲಿಯ ಪದ 'ಬದಲಿ'. ಕಾಯಂ ಕಾರ್ಮಿಕ ಗೈರುಹಾಜರಾದ ದಿನ ಅವನ ಮಗ್ಗಕ್ಕೆ ನಿಲ್ಲುವವನು ಬದಲಿ. ಸಾವಿರಾರು ಜನ ಬೆಳಗಿನ ಭೋಂಗಾ ಕೂಗುವ ಹೊತ್ತಿಗೆ ಬಾಗಿಲಲ್ಲಿ ನೆರೆಯುತ್ತಿದ್ದರು. ಯಾರನ್ನು ಒಳಗೆ ಬಿಡಬೇಕೆಂಬುದು ಜಾಬರನ ಕೈಯಲ್ಲಿತ್ತು, ಅವನ ಕೈ ಬೆಚ್ಚಗೆ ಮಾಡಬೇಕಾಗುತ್ತಿತ್ತು. 1935ರಲ್ಲಿ ಗಿರಣಿ ಮಾಲಿಕರ ಸಂಘವು ಬದಲಿ ನಿಯಂತ್ರಣ ಯೋಜನೆಯನ್ನು ತಂದಿತು. ತಿಂಗಳ ಮೊದಲ ದಿನ ಆಯ್ದ ಕೆಲವರಿಗೆ ಬದಲಿ ಕಾರ್ಡು. ಕಾರ್ಡು ಇದ್ದವನು ದಿನಾ ಬೆಳಗ್ಗೆ ಬಾಗಿಲಿಗೆ ಬಂದು ಹಾಜರಿ ಹೇಳಬೇಕು. ಜಾಬರನ ಹಿಡಿತ ಸಡಿಲಿಸುವುದು ಉದ್ದೇಶ. ಹಿಡಿತ ಕೆಲಮಟ್ಟಿಗೆ ಸಡಿಲಿತೇನೋ, ಕಾಯುವುದು ತಪ್ಪಲಿಲ್ಲ. ಹತ್ತು ಹದಿನೈದು ವರ್ಷ ಬದಲಿಯಾಗಿಯೇ ಉಳಿದವರಿದ್ದರು. ದತ್ತಾ ಸಾಮಂತರ ಮುಂದಾಳುತನದಲ್ಲಿ 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ಬೇಡಿಕೆಗಳಲ್ಲಿ ಬದಲಿಗಳನ್ನು ಕಾಯಂ ಮಾಡುವುದೂ ಒಂದಾಗಿತ್ತು. ಮುಷ್ಕರ ಏನಾಯಿತೆಂಬುದು ಮುಂಬಯಿಯವರಿಗೆ ಹೇಳಬೇಕಾದ ಸಂಗತಿಯಲ್ಲ.

ಈ ನಡುವೆ 1946ರಲ್ಲಿ ಕೈಗಾರಿಕಾ ಉದ್ಯೋಗದ ಸ್ಥಾಯೀ ಆದೇಶಗಳ ಕಾಯಿದೆ ಬಂತು. ಅದರ ಅಡಿಯಲ್ಲಿ ಕೇಂದ್ರ ಸರಕಾರ ಮಾಡಿದ ಮಾದರಿ ಆದೇಶಗಳು ಕಾರ್ಮಿಕರನ್ನು ಕಾಯಂ, ಪ್ರೊಬೇಷನರ್, ಬದಲಿ, ತಾತ್ಕಾಲಿಕ, ಕ್ಯಾಶುವಲ್, ಅಪ್ರೆಂಟಿಸ್ ಎಂದು ವಿಂಗಡಿಸಿದವು. ಕಾಯಂ ಹುದ್ದೆಯ ಖಾಲಿ ಜಾಗಕ್ಕೆ ತೆಗೆದುಕೊಂಡ, ಇನ್ನೂ 3 ತಿಂಗಳ ಸೇವೆ ಪೂರೈಸದವನು ಪ್ರೊಬೇಷನರ್. ಒಣ ಕಾನೂನಿನ ವಾಕ್ಯವಾದರೂ ಉಮೇದುವಾರನ ಕಥೆ ಓದಿ ಬಂದ ನಮಗೆ ಅದು ದೊಡ್ಡ ಮಾತೆನಿಸಿತು. ಕಾಯುವವನ ಎದುರಿಗೆ ಒಂದು ನಿಜವಾದ ಹುದ್ದೆ ಖಾಲಿಯಿರಬೇಕು, ಕಾಯುವಿಕೆಗೆ ಕೊನೆಯ ದಿನವಿರಬೇಕು.

ಆ ಕೊನೆಯ ದಿನ ಮೌನವಾಗಿ ಕಳೆದುಹೋದರೆ? ಇಲ್ಲಿಯೇ ಹೊಸ ನೌಕರನ ಎದೆ ಹೆಚ್ಚು ಹೊಡೆದುಕೊಳ್ಳುವುದು. ಸರಕಾರಿ ನೌಕರರ ಮಟ್ಟಿಗೆ ಸರ್ವೋಚ್ಚ ನ್ಯಾಯಾಲಯ 1968ರ ಧರಮ್ ಸಿಂಗ್ ಪ್ರಕರಣದಲ್ಲಿ, ನಿಯಮವೇ ಪ್ರೊಬೇಷನ್ನಿಗೆ ಗರಿಷ್ಠ ಮಿತಿ ಹಾಕಿದ್ದು, ಆ ಮಿತಿ ದಾಟಿದ ಮೇಲೂ ಕೆಲಸದಲ್ಲಿ ಮುಂದುವರಿಸಿದ್ದರೆ ಅವನು ಕಾಯಂ ಆದನೆಂದೇ ತಿಳಿಯಬೇಕು ಎಂದಿತು. ಕರ್ನಾಟಕ ಸರಕಾರದ 1977ರ ನಿಯಮಗಳು ಎದುರು ದಿಕ್ಕಿನವು: ತೃಪ್ತಿಕರವಾಗಿ ಪೂರೈಸಿದನೆಂದು ಪ್ರತ್ಯೇಕ ಆದೇಶ ಬರುವವರೆಗೆ ಪೂರೈಸಿದಂತಲ್ಲ. ಅಲ್ಲಿಯ ಕಡತಗಳು ಈ ಅವಧಿಯನ್ನು 'ಖಾಯಂಪೂರ್ವ ಸೇವಾವಧಿ' ಎಂದು ಕರೆಯುತ್ತವೆ. ಆಶೆಯ ವಾಸನೆಯೂ ಇಲ್ಲದ ಈ ಪದಕ್ಕಿಂತ ನಮ್ಮ ಹಿರಿಯರ 'ಉಮೇದುವಾರಿ'ಯೇ ಹೆಚ್ಚು ಪ್ರಾಮಾಣಿಕ.

ಕಾರಣ ಹೇಳದೆ ತೆಗೆದುಹಾಕುವುದರ ಮಾತಿಗೆ ಬಂದರೆ, ಒಂದು ಪ್ರಕರಣದಲ್ಲಿ ನಮ್ಮವರೊಬ್ಬರ ಕೈಯಿದೆ. ಹೈದರಾಬಾದಿನ ರಾಷ್ಟ್ರೀಯ ಪೋಲೀಸ್ ಅಕಾಡೆಮಿಯಲ್ಲಿ 1981ರ ಜೂನ್ ತಿಂಗಳ ಒಂದು ಬೆಳಗ್ಗೆ ಪ್ರೊಬೇಷನರುಗಳು ಕವಾಯತಿಗೆ ಸುಮಾರು 22 ನಿಮಿಷ ತಡವಾಗಿ ಬಂದರು. ಅನೂಪ್ ಜೈಸ್ವಾಲ್ ಎಂಬ ಐಪಿಎಸ್ ಪ್ರೊಬೇಷನರ್ ಇದರ ಮುಂದಾಳುಗಳಲ್ಲೊಬ್ಬರೆಂದು ಅಧಿಕಾರಿಗಳು ಬಗೆದರು. ಅದೇ ವರ್ಷ ನವೆಂಬರಿನಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಆದೇಶದಲ್ಲಿ ತಡವಾದದ್ದರ ಸುದ್ದಿಯೇ ಇಲ್ಲ, ಬಿಡುಗಡೆ, ಅಷ್ಟೆ. 1984ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಬರೆದವರು ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು. ಆದೇಶದ ಸಾಧು ಭಾಷೆಯನ್ನಷ್ಟೇ ನೋಡಿ ಸುಮ್ಮನಾಗಬಾರದು, ಅದರ ಹಿಂದಿನ ನಿಜವಾದ ಕಾರಣವನ್ನು ನೋಡಬೇಕು. ಕಾರಣ ದುರ್ವರ್ತನೆಯ ಆರೋಪವಾಗಿದ್ದರೆ ಪ್ರೊಬೇಷನರನಿಗೂ ಉತ್ತರ ಹೇಳುವ ಅವಕಾಶ ಕೊಡಬೇಕು ಎಂಬುದು ಆ ತೀರ್ಪಿನ ಸಾರ. ಅವರನ್ನು ಮರಳಿ ಸೇವೆಗೆ ತೆಗೆದುಕೊಳ್ಳಲು ಆಜ್ಞೆಯಾಯಿತು. ಕೆಲಸ ಬಾರದವನನ್ನು ಬಿಡುವುದು ಬೇರೆ, ಹೇಳದ ಆರೋಪ ಹೊರಿಸಿ ಬಿಡುವುದು ಬೇರೆ ಎಂಬ ಈ ಗೆರೆಯನ್ನು 1957ರ ಧಿಂಗ್ರಾ ಪ್ರಕರಣದಿಂದಲೇ ನ್ಯಾಯಾಲಯ ಎಳೆಯುತ್ತ ಬಂದಿತ್ತು. ವೆಂಕಟರಾಮಯ್ಯನವರು ಅದನ್ನು ಬೆಳಗಿನ ಕವಾಯತಿನ ಮೈದಾನದವರೆಗೆ ತಂದರು.

ಇಷ್ಟನ್ನೂ ಒಟ್ಟುಮಾಡಿಕೊಂಡು ನಾವು ಮುಂದಿನ ಕೂಟಕ್ಕೆ ಹೋದೆವು. ತರುಣ ಈ ಸಲ ಮೊದಲೇ ಬಂದು ಕೂತಿದ್ದ, ನೇಮಕದ ಪತ್ರವನ್ನೂ ತಂದಿದ್ದ. ಅದನ್ನು ಎಲ್ಲರೂ ಸೇರಿ ಓದಿದೆವು. ಆರು ತಿಂಗಳ ಅವಧಿ. ಕಂಪನಿ ಬಯಸಿದರೆ ಇನ್ನೂ ಆರು ತಿಂಗಳು. ಲಿಖಿತವಾಗಿ ತಿಳಿಸುವವರೆಗೆ ಕಾಯಂ ಆದಂತಲ್ಲ. ಕಾರಣ ಕೊಡದೆ ಬಿಡುಗಡೆ ಮಾಡಬಹುದು. ನಾವು ವಿವರಿಸಿದ ತೀರ್ಪುಗಳು ಸರಕಾರದ ಸೇವೆಯಲ್ಲಿದ್ದವರಿಗೆ ಸಂಬಂಧಿಸಿದವು. ಖಾಸಗಿ ಕಂಪನಿಯ ಮೇಜಿನ ಮುಂದೆ ಅವಕ್ಕೆ ಅಷ್ಟು ಬಲವಿಲ್ಲ. ಅದನ್ನು ಅವನಿಗೆ ಮುಚ್ಚಿಡದೆ ಹೇಳಬೇಕಾಯಿತು. ಏನನ್ನು ನೋಡಿ ಪಾಸು ಮಾಡುತ್ತಾರೆ ಎಂಬುದಾದರೂ ಎಲ್ಲಿಯಾದರೂ ಬರೆದಿದೆಯೇ ಎಂದು ಹುಡುಕಿದೆವು. ಎರಡು ಪುಟಗಳ ಪತ್ರದಲ್ಲಿ ಆ ಒಂದು ಸಾಲು ಇರಲಿಲ್ಲ.

"ಹಂಗಾದರ ನೀನ ಕೇಳು, ತಮ್ಮಾ. ಏನು ಕಲೀಬೇಕು, ಎಲ್ಲಿ ಕಡಿಮಿ ಬಿದ್ದೀನಿ, ಬರೆದು ಕೊಡ್ರಿ ಅಂತ ಈಗ ಕೇಳು. ಆರನೇ ತಿಂಗಳ ತನಕ ಕಾಯಬ್ಯಾಡ" ಎಂದರು ಹಿರಿಯರು.

"ಕೇಳಿದರ ಸಿಟ್ಟಿಗೇಳೂದಿಲ್ಲೇನ್ರಿ ಅವರು?"

ನಮ್ಮಲ್ಲಿ ಯಾರೂ ತಟಕ್ಕನೆ ಉತ್ತರ ಕೊಡಲಿಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಯಾಗಿದ್ದ ಒಬ್ಬರು ಕನ್ನಡಕ ತೆಗೆದಿಟ್ಟು, ಅವನ ಕೈಯಿಂದ ಕಾಗದ ಇಸಿದುಕೊಂಡು, ಮೇಲಧಿಕಾರಿಗೆ ಬರೆಯಬೇಕಾದ ಪತ್ರದ ಮೊದಲ ವಾಕ್ಯವನ್ನು ಯೋಚಿಸತೊಡಗಿದರು.